ಬೆಳೆದ ಮಕ್ಕಳು ಯಾಕೆ ಹೀಗೆ? ಮೊದಲು ಹೊತ್ತು ನೋಡಿ

ರಾತ್ರಿ ಹನ್ನೆರಡಾದರೂ ಕಣ್ಣಿಗೆ ನಿದ್ದೆಯಿಲ್ಲ, ಮುಂಜಾನೆ ಎಬ್ಬಿಸಲು ಹೋದರೆ ಕೌದಿ ಎಳೆದುಕೊಂಡು ಸಿಟ್ಟು. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿರುವ ವಿಜಯಪುರ, ಬಾಗಲಕೋಟೆ ಕಡೆಯ ಮನೆಗಳಲ್ಲಿ ಇದಕ್ಕೆ ಮೈಗಳ್ಳತನ ಅಂತ ಹೆಸರಿಟ್ಟುಬಿಡುತ್ತಾರೆ. ಆದರೆ ನಿದ್ದೆ ಬರಿಸುವ ಮೆಲಟೋನಿನ್ ಹಾರ್ಮೋನು ಈ ವಯಸ್ಸಿನಲ್ಲಿ ಒಂದೆರಡು ತಾಸು ತಡವಾಗಿ ಏರುತ್ತದೆ. ಒಂಬತ್ತಕ್ಕೇ ಲೈಟ್ ಆರಿಸಿದರೂ ನಿದ್ದೆ ಹತ್ತುವುದಿಲ್ಲ. 13ರಿಂದ 18ರ ವಯಸ್ಸಿಗೆ ಬೇಕಾದದ್ದು ದಿನಕ್ಕೆ 8ರಿಂದ 10 ತಾಸು. ಹನ್ನೊಂದೂವರೆಗೆ ಮಲಗಿ ಟ್ಯೂಷನ್‌ಗೆಂದು ಐದಕ್ಕೆ ಎದ್ದರೆ ಸಿಗುವುದು ಐದೂವರೆ.

ಒಂದು ವಾರ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತ ಹೋಗಿ: ಮಲಗಿದ್ದು ಎಷ್ಟಕ್ಕೆ, ಎದ್ದದ್ದು ಎಷ್ಟಕ್ಕೆ, ಜಗಳವಾದದ್ದು ಎಷ್ಟಕ್ಕೆ. ಮಗನಿಗೋ ಮಗಳಿಗೋ ಹೇಳಿಯೇ ಬರೆಯಿರಿ, ಕದ್ದು ಬರೆದರೆ ಅದೇ ಹೊಸ ಜಗಳ. ಜಗಳಗಳು ಎದ್ದ ಅರ್ಧ ತಾಸಿನೊಳಗೆ ಅಥವಾ ಹಸಿದು ಸಾಲಿಯಿಂದ ಬಂದ ಹೊತ್ತಿಗೆ ಗುಂಪುಗೂಡಿದ್ದರೆ ಸ್ವಭಾವವನ್ನು ಬೈದು ಫಲವಿಲ್ಲ.

ಆಮೇಲೆ ಏಳುವ ಹೊತ್ತನ್ನು ಮೊದಲು ಗಟ್ಟಿ ಮಾಡಿ, ಮಲಗುವ ಹೊತ್ತು ನಿಧಾನಕ್ಕೆ ತಾನೇ ಬೇಗ ಆಗುತ್ತ ಬರುತ್ತದೆ. ಎದ್ದ ಕೂಡಲೇ 15-20 ನಿಮಿಷ ಮಾಳಿಗೆಯ ಮೇಲೋ ಅಂಗಳದಲ್ಲೋ ಬೆಳಕಿಗೆ ನಿಲ್ಲಲಿ. ಸಂಜೆ ನಾಲ್ಕರ ಮೇಲೆ ಚಹಾ ಬೇಡ. ಮಲಗುವ ಒಂದು ತಾಸು ಮೊದಲು ಫೋನು ಪಡಸಾಲೆಯಲ್ಲಿ ಚಾರ್ಜಿಗೆ, ಅಪ್ಪ-ಅವ್ವನದೂ ಸೇರಿ, ಇಲ್ಲದಿದ್ದರೆ ಆ ನಿಯಮ ನಾಲ್ಕು ದಿನವೂ ನಿಲ್ಲುವುದಿಲ್ಲ. ಎಲ್ಲ ಕೆಡುವುದು ರವಿವಾರ. ಹನ್ನೊಂದರವರೆಗೆ ಮಲಗಲು ಬಿಟ್ಟರೆ ಆ ರಾತ್ರಿ ನಿದ್ದೆ ಇನ್ನೂ ತಡವಾಗುತ್ತದೆ, ಸೋಮವಾರ ಮತ್ತೆ ಮೊದಲಿನ ಪಾಡೇ. ರಜೆಯ ದಿನ ಹೆಚ್ಚೆಂದರೆ ಒಂದು ತಾಸು ತಡವಾಗಿ ಏಳಲು ಬಿಡಿ. ಐದರ ಟ್ಯೂಷನ್ ಸಂಜೆಗೆ ಬದಲಾಗುವಂತಿದ್ದರೆ ಮಿಕ್ಕ ಎಲ್ಲಕ್ಕಿಂತ ಅದೇ ಮೇಲು.

ಗಾಡಿಯ ವಿಷಯ ಬೇರೆ. ಒಬ್ಬನೇ ಇದ್ದಾಗ ಸಾವಕಾಶ ಹೋಗುವ ಹುಡುಗ ಹಿಂದೆ ಇಬ್ಬರು ಗೆಳೆಯರು ಕೂತರೆ ಹಾರಿಸುತ್ತಾನೆ. ಅಮೆರಿಕದ ಮನೋವಿಜ್ಞಾನಿಗಳಾದ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗಾಡಿ ಓಡಿಸುವ ಆಟವಾಡುವಾಗ ಗೆಳೆಯರು ಜೊತೆಗಿದ್ದರೆ ಹದಿಹರೆಯದವರು ಹೆಚ್ಚು ಅಪಾಯಕ್ಕೆ ಇಳಿದರು, ದೊಡ್ಡವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಅಪಾಯ ಅವನಿಗೆ ಗೊತ್ತಿದೆ, ಭಾಷಣ ಬೇಕಿಲ್ಲ. ಕೀಲಿಕೈ ಎತ್ತಿಡಿ. ‘ಅಪ್ಪ ಕೀಲಿ ಕೊಡಂಗಿಲ್ಲ’ ಅಂತ ಗೆಳೆಯರೆದುರು ಹೇಳಲು ನೆಪ ಸಿಕ್ಕರೆ ಅವನ ಮಾನವೂ ಉಳಿಯುತ್ತದೆ. 18 ತುಂಬದವರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪಾಲಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಎಂದು ಕಾನೂನೇ ಹೇಳುತ್ತದೆ.

‘ಯಾಕ ಹಿಂಗ ಮಾಡ್ತಿ?’ ಅಂದರೆ ಉತ್ತರ ಬರುವುದಿಲ್ಲ. ‘ನಿನ್ನೆ ಸಾಲಿ ಬಿಟ್ಟಮ್ಯಾಲ ಏನಾತು?’ ಅಂದರೆ ಬರಬಹುದು. ಅದೂ ಬೀಗರ ಮುಂದೆ ಬೇಡ.

ಎರಡು ವಾರ ದಾಟಿದರೂ ಊಟ ಸೇರದೆ, ಗೆಳೆಯರನ್ನೂ ಬಿಟ್ಟು, ಇಷ್ಟದ ಆಟವೂ ಬೇಡವಾಗಿದ್ದರೆ ಅದು ವಯಸ್ಸಿನ ಆಟವಲ್ಲ, ಡಾಕ್ಟರಿಗೆ ತೋರಿಸಿ. ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ‘ಸಾಯೋ ವಿಚಾರ ಬರ್ತದೇನು?’ ಅಂತ ನೇರವಾಗಿ ಕೇಳಿ, ಕೇಳಿದ್ದರಿಂದ ಆ ವಿಚಾರ ಹುಟ್ಟುವುದಿಲ್ಲ. ಒಂಟಿಯಾಗಿ ಬಿಡಬೇಡಿ. ದ್ರಾಕ್ಷಿ, ದಾಳಿಂಬೆಗೆ ಹೊಡೆಯುವ ಔಷಧದ ಬಾಟಲಿಗಳನ್ನು ಅವತ್ತೇ ಬೀಗದೊಳಗೆ ಇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.