ಅಂಡರ್‌ಸ್ಕೋರ್ ತೆಗೆದ ಮೇಲೆ ಸರಿಹೋಯಿತು (ನನ್ನ ಅನುಭವ)

ಒಕ್ಯಾಮಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ನಮ್ಮ ಬಿಲ್ಲಿಂಗ್ ಕೋಡ್ ಮೊನ್ನೆ ಸಂಜೆ ಬಿತ್ತು. ನಾನು ಸಿಲ್ಕ್ ಬೋರ್ಡ್ ಹತ್ತಿರ ಬಸ್ಸಿನಲ್ಲಿ ಸಿಕ್ಕಿಕೊಂಡಿದ್ದೆ, ಲ್ಯಾಪ್‌ಟಾಪ್ ತೊಡೆ ಮೇಲೆ. ಲಾಗ್‌ನಲ್ಲಿ ಒಂದೇ ಸಾಲು, ‘ಅಸರ್ಟ್ ಫೇಲ್ಯೂರ್’.

ತಪ್ಪು ನನ್ನದೇ. ರದ್ದಾದ ಬಿಲ್ ಮೊದಲೇ ಸೋಸಿ ಹೋಗಿರುತ್ತದೆ ಅಲ್ವಾ ಅಂತ, ಬಿಲ್ಲಿನ ಸ್ಥಿತಿಗಳಲ್ಲಿ ‘ಬಾಕಿ’, ‘ಪಾವತಿ’ ಎರಡನ್ನೇ ಬರೆದು, ಉಳಿದದ್ದಕ್ಕೆ ಸುಮ್ನೆ ಅಂಡರ್‌ಸ್ಕೋರ್ (_, ಅಂದರೆ ‘ಬೇರೆ ಏನೇ ಬಂದರೂ’) ಹಾಕಿ ‘ಅಸರ್ಟ್ ಫಾಲ್ಸ್’ (ಇಲ್ಲಿಗೆ ಬರಲೇಬಾರದು, ಬಂದರೆ ಎರರ್ ಕೊಡು) ಎಂದು ಬಿಟ್ಟಿದ್ದೆ. ಆಮೇಲೆ ಯಾರೋ ‘ಮರುಪಾವತಿ’ ಸೇರಿಸಿದರು. ಅಂಡರ್‌ಸ್ಕೋರ್ ಅದನ್ನೂ ನುಂಗಿತು, ಕೋಡನ್ನು ಓಡಿಸುವ ಮೊದಲೇ ಪರೀಕ್ಷಿಸಿ ಅನುವಾದಿಸುವ ಕಂಪೈಲರ್ ತುಟಿ ಬಿಚ್ಚಲಿಲ್ಲ.

ಅಂಡರ್‌ಸ್ಕೋರ್ ಕಿತ್ತು ಹಾಕಿದ ಕೂಡಲೇ 8ನೇ ನಂಬರಿನ ವಾರ್ನಿಂಗ್ ಬಂತು, ಯಾವ ಕೇಸ್ ಬಿಟ್ಟಿದ್ದೀಯ ಅಂತ ಹೆಸರು ಸಮೇತ. ಅದನ್ನೇ ಎರರ್ ಮಾಡಿಟ್ಟೆ. ಸೋಸುವ ಫಂಕ್ಷನ್ ಈಗ ‘ರದ್ದು’ ಇಲ್ಲದ ಬೇರೆ ಟೈಪನ್ನೇ (ಬರಬಹುದಾದ ಸ್ಥಿತಿಗಳ ಪಟ್ಟಿ) ಕೊಡುತ್ತದೆ, ಹಾಗಾಗಿ ಆ ಅಸರ್ಟ್ ಬೇಕೇ ಆಗಲಿಲ್ಲ. ಬಸ್ಸು ಮಾತ್ರ ಇನ್ನೂ ಅಲ್ಲೇ ನಿಂತಿತ್ತು.