ಇಂಟರ್ನಲ್ಸ್ ಅಂಕದಲ್ಲಿ ಅನ್ಯಾಯವಾದರೆ ಏನು ಮಾಡಬೇಕು?

ಅಧ್ಯಾಪಕರೊಬ್ಬರೊಂದಿಗೆ ಮನಸ್ತಾಪವಾದರೆ ಅದರ ಬಿಸಿ ಮೊದಲು ತಟ್ಟುವುದು ಆಂತರಿಕ ಅಂಕಗಳಿಗೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಥಿಯರಿ ವಿಷಯಗಳಲ್ಲಿ 50 ಅಂಕ ಕಾಲೇಜಿನ ಕೈಯಲ್ಲೇ ಇದ್ದು, ಅದರಲ್ಲಿ ಕನಿಷ್ಠ 20 ಬಾರದಿದ್ದರೆ ಸೆಮಿಸ್ಟರ್ ಪರೀಕ್ಷೆಗೆ ಕೂರುವ ಅರ್ಹತೆಯೇ ಸಿಗುವುದಿಲ್ಲ. ಈ ಭಯಕ್ಕೆ ಅನೇಕರು ಬಾಯಿ ಮುಚ್ಚಿಕೊಂಡಿರುತ್ತಾರೆ. ಕೆಲವರು ಅಂಕಪಟ್ಟಿ ಕೈಗೆ ಬಂದ ಮೇಲೆ ಪ್ರಾಂಶುಪಾಲರ ಕೊಠಡಿಯ ಮುಂದೆ ಗುಂಪು ಸೇರುತ್ತಾರೆ. ಎರಡರಿಂದಲೂ ಪ್ರಯೋಜನವಿಲ್ಲ. ದೂರಿಗೆ ಬಲ ಬರುವುದು ಅದನ್ನು ಸಕಾಲದಲ್ಲಿ, ದಾಖಲೆಯೊಂದಿಗೆ, ಸರಿಯಾದವರ ಮುಂದೆ ಇಟ್ಟಾಗ.

ಮೊದಲಿಗೆ ನಿಮ್ಮ ದೂರನ್ನು ಒಂದೇ ವಾಕ್ಯದಲ್ಲಿ ಬರೆದು ನೋಡಿ. ‘ಸರ್ ತುಂಬಾ ಸ್ಟ್ರಿಕ್ಟ್’ ಎಂಬುದು ದೂರಲ್ಲ. ‘ಎರಡನೇ ಟೆಸ್ಟಿನ ಬ್ಲೂ ಬುಕ್ಕಿನಲ್ಲಿ ಮೂರನೇ ಪ್ರಶ್ನೆಯ ಉತ್ತರಕ್ಕೆ ಅಂಕವೇ ಹಾಕಿಲ್ಲ’ ಎಂಬುದು ದೂರು (ಬ್ಲೂ ಬುಕ್ ಎಂದರೆ ಆಂತರಿಕ ಟೆಸ್ಟಿನ ಉತ್ತರ ಪುಸ್ತಿಕೆ). ಲ್ಯಾಬ್ ಪ್ರಯೋಗಗಳನ್ನು ಬರೆದಿಡುವ ರೆಕಾರ್ಡ್ ಪುಸ್ತಕವನ್ನು ತಡವಾಗಿ ಕೊಟ್ಟವರಿಗೆಲ್ಲ ಒಂದೇ ರೀತಿ ಅಂಕ ಕಡಿತವಾಗಿದ್ದರೆ ಅದು ಶಿಸ್ತು. ನಿಮಗೊಬ್ಬರಿಗೇ ಕಡಿತವಾಗಿದ್ದರೆ ಕೇಳುವ ಹಕ್ಕು ನಿಮಗಿದೆ. ಅಂಕ ಕೊಡುವಾಗ ಬಿಗಿಯಾಗಿದ್ದರೂ ಪಾಠಕ್ಕೆ ಒಂದು ದಿನವೂ ತಪ್ಪಿಸದ ಅಧ್ಯಾಪಕರನ್ನು ಪೀಡಕರೆಂದು ಹಣೆಪಟ್ಟಿ ಹಚ್ಚುವುದು ಅವರಿಗೆ ಮಾಡುವ ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ದೂರು ನಿಜವೆಂದು ಮನವರಿಕೆಯಾದರೆ ದಾಖಲೆ ಕೂಡಿಡಲು ತೊಡಗಿ. ಹಾಜರಾದ ತರಗತಿಗಳನ್ನು ದಿನಾಂಕ ಸಹಿತ ಬರೆದಿಡುವುದು, ರೆಕಾರ್ಡಿನ ಸಹಿಯ ಕೆಳಗೆ ದಿನಾಂಕ ಹಾಕಿಸಿಕೊಳ್ಳುವುದು, ಅಸೈನ್‌ಮೆಂಟಿನ ಕೊನೆಯ ದಿನ ತಿಳಿಸಿದ ವಾಟ್ಸ್‌ಆ್ಯಪ್ ಸಂದೇಶವನ್ನು ಉಳಿಸಿಕೊಳ್ಳುವುದು, ಇಷ್ಟು ಸಾಕು.

ಅನಂತರ ಅಧ್ಯಾಪಕರನ್ನೇ ನೇರವಾಗಿ ಭೇಟಿಯಾಗಬೇಕು. ಬಹುತೇಕ ತಕರಾರುಗಳು ಇಲ್ಲಿಯೇ ಬಗೆಹರಿಯಬಲ್ಲವು. ತರಗತಿಯಲ್ಲಿ ಎಲ್ಲರೆದುರು ಪ್ರಶ್ನಿಸಬೇಡಿ, ಒಂದು ಪೀರಿಯಡ್ ಮುಗಿಸಿ ಇನ್ನೊಂದಕ್ಕೆ ಹೊರಟವರನ್ನು ಕಾರಿಡಾರಿನಲ್ಲಿ ತಡೆಯಬೇಡಿ. ‘ಮೇಡಂ, ಎರಡನೇ ಟೆಸ್ಟಿನ ಅಂಕದ ಬಗ್ಗೆ ಐದು ನಿಮಿಷ ಮಾತನಾಡಬೇಕಿತ್ತು, ಯಾವಾಗ ಬರಲಿ?’ ಎಂದು ಕೇಳಿ, ಅವರು ಹೇಳಿದ ಹೊತ್ತಿಗೆ ಸ್ಟಾಫ್ ರೂಮಿಗೆ ಹೋಗಿ. ಪಕ್ಕದ ಬೆಂಚಿನವರ ಅಂಕ ಎತ್ತಿದೊಡನೆ ಮಾತು ಜಗಳಕ್ಕೆ ತಿರುಗುತ್ತದೆ. ಅದರ ಬದಲು ‘ಈ ಉತ್ತರದಲ್ಲಿ ಇನ್ನೇನಿರಬೇಕಿತ್ತು?’ ಎಂದು ಕೇಳಿದರೆ ಅವರು ಬ್ಲೂ ಬುಕ್ಕನ್ನು ಮತ್ತೊಮ್ಮೆ ಓದಲೇಬೇಕಾಗುತ್ತದೆ, ಕೂಡುವಾಗ ತಪ್ಪಾಗಿದ್ದರೆ ಅದೂ ಆಗಲೇ ಕಣ್ಣಿಗೆ ಬೀಳುತ್ತದೆ. ಎದುರಿಗಿರುವವರು ಸೇವಾ ಭದ್ರತೆಯಿಲ್ಲದ ಅತಿಥಿ ಉಪನ್ಯಾಸಕರಾಗಿದ್ದರೆ ಅವರ ಸಿಡುಕಿಗೆ ನಿಮಗೆ ಸಂಬಂಧವೇ ಇಲ್ಲದ ಕಾರಣಗಳಿರಬಹುದು ಎಂಬುದೂ ನೆನಪಿರಲಿ.

ಮಾತಿನಿಂದ ಫಲ ಸಿಗದಿದ್ದರೆ ಮೆಂಟರ್ (ನಿಮಗೆ ಮಾರ್ಗದರ್ಶಕರಾಗಿ ನೇಮಿಸಿದ ಅಧ್ಯಾಪಕರು) ಮೂಲಕ ವಿಭಾಗದ ಮುಖ್ಯಸ್ಥರಿಗೆ, ಆಮೇಲೆ ಪ್ರಾಂಶುಪಾಲರಿಗೆ ಲಿಖಿತ ಮನವಿ ಕೊಡಿ. ಅಧ್ಯಾಪಕರ ಸ್ವಭಾವವನ್ನು ವರ್ಣಿಸದೆ, ನಡೆದ ಸಂಗತಿ, ಅದರ ದಿನಾಂಕ ಮತ್ತು ನಿಮ್ಮ ಕೋರಿಕೆಯನ್ನಷ್ಟೇ ಬರೆದು, ನಿಮ್ಮ ಪ್ರತಿಯ ಮೇಲೆ ಕಚೇರಿಯ ಮೊಹರು ಹಾಕಿಸಿಕೊಳ್ಳಿ. ಇದೆಲ್ಲವೂ ಅಂಕಗಳು ವಿಶ್ವವಿದ್ಯಾಲಯದ ಪೋರ್ಟಲ್ ಸೇರುವ ಮೊದಲೇ ಆಗಬೇಕು. ಆಮೇಲೆ ತಿದ್ದಿಸುವುದು ಬಲು ಕಷ್ಟ.

ಅಲ್ಲಿಯೂ ನ್ಯಾಯ ಸಿಗದಿದ್ದರೆ, ವಿಶ್ವವಿದ್ಯಾಲಯ ಅನುದಾನ ಆಯೋಗದ 2023ರ ನಿಯಮಗಳಂತೆ ರಚನೆಯಾಗಿರಬೇಕಾದ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿಗೆ ದೂರು ಸಲ್ಲಿಸಬಹುದು. ದೂರು ತಲುಪಿದ 15 ಕೆಲಸದ ದಿನಗಳೊಳಗೆ ಸಮಿತಿ ವರದಿ ಕೊಡಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ, ಅದು ಕೈಸೇರಿದ 15 ದಿನಗಳೊಳಗೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ (ವಿದ್ಯಾರ್ಥಿಗಳ ಮೇಲ್ಮನವಿ ಆಲಿಸಲು ನೇಮಕವಾದವರು) ಮೇಲ್ಮನವಿ ಸಲ್ಲಿಸುವ ಅವಕಾಶವಿದೆ. ಆದರೆ ಮರುಮೌಲ್ಯಮಾಪನ ಅಥವಾ ಮರುಎಣಿಕೆ ಕೋರುವ ಅರ್ಜಿಯನ್ನು, ಫಲಿತಾಂಶದ ಮೇಲೆ ಪರಿಣಾಮ ಬೀರುವಂಥ ಅಕ್ರಮವನ್ನೋ ತಾರತಮ್ಯದ ನಿರ್ದಿಷ್ಟ ನಿದರ್ಶನವನ್ನೋ ತೋರಿಸದ ಹೊರತು ಅವರು ಪರಿಗಣಿಸುವುದಿಲ್ಲ. ಮೊದಲಿನಿಂದ ಕೂಡಿಟ್ಟ ದಾಖಲೆ ಹೆಚ್ಚು ಬೇಕಾಗುವುದು ಈ ಹಂತದಲ್ಲೇ.

ಲೈಂಗಿಕ ಕಿರುಕುಳಕ್ಕೆ ಮಾತ್ರ ಈ ಕ್ರಮ ಅನ್ವಯಿಸದು. ಅಂಥ ಅಧ್ಯಾಪಕರೊಂದಿಗೆ ಒಬ್ಬಂಟಿಯಾಗಿ ಮಾತನಾಡಿ ಸರಿಪಡಿಸಲು ಹೋಗದೆ ನೇರವಾಗಿ ಕಾಲೇಜಿನ ಆಂತರಿಕ ದೂರು ಸಮಿತಿಗೆ ಬರೆದುಕೊಡಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಸಲ್ಲಬೇಕೆಂಬ ನಿಯಮವಿದ್ದು, ತಡವಾದದ್ದಕ್ಕೆ ತಕ್ಕ ಕಾರಣವಿದ್ದರೆ ಸಮಿತಿಯು ಇನ್ನೂ ಮೂರು ತಿಂಗಳು ಅವಧಿ ವಿಸ್ತರಿಸಬಹುದು.