ತಿಥಿ ಕಾರ್ಡಿನಲ್ಲಿ ಇನ್ನೂ ನಾಲ್ಕು ಸಾಲು

ಹಳ್ಳಿಯಲ್ಲಿ ಬದುಕಿ ಹೋದ ಅಜ್ಜ ಅಜ್ಜಿಯರ ಬಗ್ಗೆ ಅಚ್ಚಾಗಿ ಉಳಿಯುವ ಕಾಗದ ಎಷ್ಟಿರುತ್ತದೆ? ಬಹಳ ಮನೆಗಳಲ್ಲಿ ಒಂದೇ ಒಂದು. ಅದು ತಿಥಿ ಕಾರ್ಡು. ಕೆಲವರು ಅದನ್ನು ವೈಕುಂಠ ಸಮಾರಾಧನೆ ಎನ್ನುತ್ತಾರೆ, ಕೆಲವರು ಶಿವಗಣಾರಾಧನೆ, ಉತ್ತರಕ್ರಿಯೆ ಎನ್ನುತ್ತಾರೆ. ಹೆಸರು ಯಾವುದೇ ಇರಲಿ, ನೂರಾರು ಮನೆಗಳಿಗೆ ಹೋಗುವ ಈ ಕಾರ್ಡಿನಲ್ಲಿ ತೀರಿಕೊಂಡ ದಿನ, ಕಾರ್ಯದ ದಿನ, ಊಟದ ಜಾಗ ಇರುತ್ತವೆ. ಕೊನೆಗೆ ದುಃಖತಪ್ತರ ಪಟ್ಟಿ. ತೀರಿಕೊಂಡವರು ಯಾರು, ಎಲ್ಲಿಂದ ಬಂದವರು, ಏನು ಮಾಡಿದವರು ಎಂಬುದು ಮಾತ್ರ ಇರುವುದಿಲ್ಲ.

ಇದನ್ನು ಸರಿಮಾಡಬಹುದು. ಅದಕ್ಕೆ ಹಣ ಬೇಡ. ಸಾವಿನ ಮನೆಯ ಆ ಹನ್ನೊಂದು ಹದಿಮೂರು ದಿನಗಳಲ್ಲಿ ಒಬ್ಬರು ಒಂದು ನೋಟ್ ಪುಸ್ತಕ ಹಿಡಿದು ಕೂತರೆ ಸಾಕು.

ನಮ್ಮ ನಾಡಿಗೆ ಇದು ಹೊಸದೂ ಅಲ್ಲ. ಬೆಂಗಳೂರು ಎಂಬ ಹೆಸರು ಸಿಗುವ ತುಂಬಾ ಹಳೆಯ ಶಾಸನ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿದೆ. ಅದು ಸುಮಾರು ಕ್ರಿ.ಶ. 890ರ ಕಲ್ಲು. ಬೆಂಗಳೂರಿನ ಕಾಳಗದಲ್ಲಿ ಮಡಿದವರ ನೆನಪಿಗೆ ನಿಲ್ಲಿಸಿದ್ದು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ 949ರ ಕಾಲದ ಕಲ್ಲಂತೂ ಒಂದು ನಾಯಿಯ ಕಥೆಯನ್ನು ಹೇಳುತ್ತದೆ. ನಾಯಿಯ ಹೆಸರು ಕಾಳಿ. ರಾಜನ ಹತ್ತಿರ ಅದನ್ನು ಬೇಡಿ ಪಡೆದವನು ಮಣಲೇರ. ಬೆಳತೂರಿನ ಪಡುವಣ ದಿಣ್ಣೆಯಲ್ಲಿ ಕಾಡುಹಂದಿಯ ಮೇಲೆ ಬಿದ್ದು, ಹಂದಿ ನಾಯಿ ಎರಡೂ ಸತ್ತವು. ಯಾರದು, ಹೆಸರೇನು, ಎಲ್ಲಿ, ಹೇಗೆ ಎಂಬ ನಾಲ್ಕೂ ಆ ಕಲ್ಲಿನಲ್ಲಿವೆ. ಸಾವಿರ ವರ್ಷ ದಾಟಿದರೂ ಕಾಳಿ ಯಾರೆಂದು ನಮಗೆ ಗೊತ್ತು. ನಮ್ಮ ಮುತ್ತಜ್ಜಿಯ ತವರೂರು ಯಾವುದೆಂದು ಎಷ್ಟು ಜನಕ್ಕೆ ಗೊತ್ತಿದೆ?

ಮೊದಲು ಮನೆಯಲ್ಲಿರುವುದನ್ನು ಹುಡುಕಿ

ಹಳೆ ಕಾರ್ಡುಗಳು ಸಿಗುವುದು ಕಷ್ಟ. ಸಾವಿನ ಕಾಗದ ಮನೆಯಲ್ಲಿ ಇರಬಾರದು ಎಂದು ಓದಿದ ಕೂಡಲೇ ಹರಿದು ಹಾಕುವ ರೂಢಿ ನಮ್ಮಲ್ಲಿದೆ. ನಮ್ಮ ಮನೆಯಲ್ಲೂ ಹಾಗೇ ಆಗಿದೆ. ತಾತನ ಕಾರ್ಡು ಒಂದೂ ಉಳಿದಿರಲಿಲ್ಲ. ಕೊನೆಗೆ ಸಿಕ್ಕಿದ್ದು ದೂರದ ನೆಂಟರೊಬ್ಬರ ಬೀರುವಿನಲ್ಲಿ, ಪಂಚಾಂಗದ ಒಳಗೆ. ಹಾಗಾಗಿ ನಿಮ್ಮ ಮನೆಯಲ್ಲಿ ಇಲ್ಲ ಎಂದು ಸುಮ್ನೆ ಕೂರಬೇಡಿ. ಹೆಣ್ಣುಮಕ್ಕಳ ಗಂಡನ ಮನೆಗಳಲ್ಲಿ ಕೇಳಿ. ತವರಿನ ಕಾಗದವನ್ನು ಅವರು ಅಷ್ಟು ಸುಲಭವಾಗಿ ಹರಿಯುವುದಿಲ್ಲ.

ಇಟ್ಟುಕೊಳ್ಳುವುದು ಹಿರಿಯರಿಗೆ ಇಷ್ಟವಿಲ್ಲದಿದ್ದರೆ ವಾದ ಬೇಡ. ಫೋನಿನಲ್ಲಿ ಎರಡೂ ಬದಿಯ ಫೋಟೊ ತೆಗೆದುಕೊಂಡು ಕಾಗದವನ್ನು ಅವರ ಕೈಗೇ ಕೊಟ್ಟುಬಿಡಿ.

ಪತ್ರಿಕೆಯಲ್ಲಿ ಬಂದ ನಿಧನ ವಾರ್ತೆ, ಶ್ರದ್ಧಾಂಜಲಿ ಜಾಹೀರಾತು, ವರ್ಷದ ಪುಣ್ಯಸ್ಮರಣೆ ಇವನ್ನೂ ಸೇರಿಸಿ. ಕತ್ತರಿಸುವಾಗ ಜಾಸ್ತಿ ಜನ ಮಾಡುವ ತಪ್ಪು ಒಂದಿದೆ. ಪತ್ರಿಕೆಯ ಹೆಸರು, ತಾರೀಖು, ಯಾವ ಊರಿನ ಆವೃತ್ತಿ ಎಂಬುದನ್ನು ಬರೆದಿಡುವುದಿಲ್ಲ. ಅದಿಲ್ಲದ ತುಣುಕನ್ನು ಮತ್ತೆ ಹುಡುಕುವುದು ಆಗದ ಮಾತು. ನ್ಯೂಸ್‌ಪ್ರಿಂಟ್ ಬೇಗ ಹಳದಿಯಾಗಿ ಪುಡಿಯಾಗುತ್ತದೆ. ಅದಕ್ಕೇ ಒಳ್ಳೆಯ ಕಾಗದದ ಮೇಲೆ ಒಂದು ಜೆರಾಕ್ಸ್ ಮಾಡಿಸಿ. ಲ್ಯಾಮಿನೇಶನ್ ಬೇಡ, ಸೆಲೊ ಟೇಪ್ ಅಂತೂ ಬೇಡವೇ ಬೇಡ. ಅದರ ಅಂಟು ಕೆಲವೇ ವರ್ಷಗಳಲ್ಲಿ ಕಾಗದವನ್ನು ಕಂದು ಮಾಡುತ್ತದೆ.

ಫೋಟೊ ವಿಷಯ ಸ್ವಲ್ಪ ಬೇರೆ. ಫ್ಲೆಕ್ಸಿಗೆ, ಕಾರ್ಡಿಗೆ ಎಂದು ಸ್ಟುಡಿಯೋಗೆ ಕೊಟ್ಟಾಗ ಅಜ್ಜನಿಗೆ ಕೋಟು ಹಾಕುತ್ತಾರೆ, ಅಜ್ಜಿಗೆ ರೇಷ್ಮೆ ಸೀರೆ ಉಡಿಸುತ್ತಾರೆ, ಹಿಂದೆ ಮೋಡ ಬರೆಯುತ್ತಾರೆ. ಮನೆಯವರ ಆಸೆಯಿಂದ ಮಾಡುವ ಕೆಲಸ ಅದು, ತಪ್ಪೆನ್ನುವುದಿಲ್ಲ. ಆದರೆ ಕೊಡುವ ಮೊದಲು ಮೂಲ ಫೋಟೊವನ್ನು ಸ್ಕ್ಯಾನ್ ಮಾಡಿಸಿ. ಪಾಸ್‌ಪೋರ್ಟ್ ಅಳತೆಯದಾದರೆ ಇಂಚಿಗೆ 600 ಚುಕ್ಕಿ ಇರಲಿ. ತಲೆಯ ಮೇಲಿನ ರುಮಾಲು, ಹೆಗಲ ಮೇಲಿನ ಟವೆಲ್, ಹಿಂದಿನ ಮಣ್ಣಿನ ಗೋಡೆ, ಇವೇ ಮುಂದೆ ಮಕ್ಕಳಿಗೆ ಬೇಕಾಗುವುದು. ಫೋಟೊ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಮೆಲ್ಲಗೆ ಹೆಸರು ಬರೆಯಿರಿ. ಪೆನ್ನಿನ ಶಾಯಿ ಈಚೆಗೆ ಇಳಿದುಬಿಡುತ್ತದೆ.

ಜನ ಸೇರಿದಾಗ ಕೇಳಿ

ಇದೇ ಮುಖ್ಯ ಕೆಲಸ. ತೀರಿಕೊಂಡವರನ್ನು ಬಲ್ಲ ಎಲ್ಲರೂ ಒಂದೇ ಮನೆಯಲ್ಲಿ ಸೇರುವುದು ಮದುವೆಯಲ್ಲಿ ಅಲ್ಲ, ಸಾವಿನಲ್ಲಿ. ಮದುವೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಇಲ್ಲಿ ರಾತ್ರಿ ಎಲ್ಲರೂ ಜಗಲಿಯ ಮೇಲೆ ಕೂತಿರುತ್ತಾರೆ. ಮಾತು ತಾನಾಗಿ ಹಳೆಯದಕ್ಕೆ ಹೋಗುತ್ತದೆ. ಕಾರ್ಯ ಮುಗಿದ ಮಾರನೇ ದಿನ ಒಬ್ಬೊಬ್ಬರೂ ಒಂದೊಂದು ಬಸ್ ಹತ್ತುತ್ತಾರೆ.

ಮೊದಲ ಮೂರು ದಿನ ಏನೂ ಕೇಳಬೇಡಿ. ಹಾಲು ತುಪ್ಪ ಮುಗಿಯಲಿ. ಆಮೇಲೆ ಎಲ್ಲರಿಗಿಂತ ವಯಸ್ಸಾದ ಹೆಂಗಸಿನ ಪಕ್ಕದಲ್ಲಿ ಕೂತುಕೊಳ್ಳಿ. ರೆಕಾರ್ಡ್ ಮಾಡಲಾ ಎಂದು ಕೇಳಿ, ಒಪ್ಪಿದರೆ ಮಾತ್ರ ಫೋನ್ ಇಡಿ.

"ಯಾವಾಗ ಹುಟ್ಟಿದ್ದು?" ಎಂದು ಶುರು ಮಾಡಿದರೆ ಮಾತು ಅಲ್ಲೇ ನಿಲ್ಲುತ್ತದೆ. "ಅಜ್ಜಿ ಈ ಮನೆಗೆ ಬಂದಾಗ ಅಡುಗೆಮನೆ ಎಲ್ಲಿತ್ತು?" ಎಂದು ಕೇಳಿ ನೋಡಿ. "ಹೊಲಕ್ಕೆ ಬುತ್ತಿ ಯಾರು ಒಯ್ಯುತ್ತಿದ್ದರು? ಯಾವ ಸಂತೆಗೆ ಹೋಗುತ್ತಿದ್ದರು? ಹೆರಿಗೆ ಯಾರು ಮಾಡಿಸಿದರು?" ಇಂಥ ಪ್ರಶ್ನೆಗೆ ಉತ್ತರ ನಿಲ್ಲುವುದಿಲ್ಲ. ಎಷ್ಟು ಮಕ್ಕಳು ಎಂದಷ್ಟೇ ಕೇಳಬೇಡಿ. ಎಷ್ಟು ಹೆರಿಗೆ, ಎಷ್ಟು ಉಳಿದವು ಎಂದು ಮೆಲ್ಲಗೆ ಕೇಳಿ. ಎಳವೆಯಲ್ಲೇ ಹೋದ ಮಕ್ಕಳ ಹೆಸರು ಯಾವ ದಾಖಲೆಯಲ್ಲೂ ಸಿಗುವುದು ಕಷ್ಟ. ಆದರೆ ತಾಯಿಯಾದವಳಿಗೆ, ಅವಳ ಅಕ್ಕತಂಗಿಯರಿಗೆ ನೆನಪಿರುತ್ತದೆ.

ಒಂದು ತೊಡಕು ಬಂದೇ ಬರುತ್ತದೆ. "ವಂಶವೃಕ್ಷ ಯಾಕೆ ಕೇಳ್ತಿದ್ದೀಯಾ? ಭಾಗಕ್ಕಾ?" ಹಳ್ಳಿಯಲ್ಲಿ ವಂಶವೃಕ್ಷ ಎಂದರೆ ನಾಡಕಚೇರಿ, ಖಾತೆ, ಜಗಳ. ಆ ಪದವನ್ನೇ ಬಳಸಬೇಡಿ. ಬರೆದುಕೊಂಡಿದ್ದನ್ನು ಅಲ್ಲೇ ಎಲ್ಲರಿಗೂ ಓದಿ ಹೇಳಿ. ಅಡಗಿಸುವುದು ಏನೂ ಇಲ್ಲ ಎಂದು ಗೊತ್ತಾದರೆ ಅನುಮಾನ ಹೋಗುತ್ತದೆ. ಎರಡನೇ ಸಂಬಂಧ, ಮನೆ ಬಿಟ್ಟು ಹೋದವರು, ತಾವೇ ಜೀವ ಕಳೆದುಕೊಂಡವರು, ಇಂಥ ಮಾತು ಬಂದರೆ ಬೇರೆ ಹಾಳೆಯಲ್ಲಿ ಬರೆದು ಮಡಿಸಿಡಿ. ಬದುಕಿರುವವರಿಗೆ ನೋವಾಗುವುದನ್ನು ಅಚ್ಚು ಹಾಕಬಾರದು.

ಹೆಸರು ಮತ್ತು ವರ್ಷ

ನಮ್ಮ ಹಿರಿಯರ ಆಧಾರ್ ಕಾರ್ಡು ನೋಡಿ. ಎಷ್ಟೋ ಜನರ ಹುಟ್ಟಿದ ದಿನ ಜೂನ್ 1. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿಗೆ ಬರೆದದ್ದು ಹಾಗೇ ಉಳಿಯಿತು. ಅದನ್ನು ಕಾರ್ಡಿನಲ್ಲಿ ಹಾಕಿ, ಆದರೆ ನಿಮ್ಮ ಪುಸ್ತಕದಲ್ಲಿ "ಶಾಲೆಯ ಲೆಕ್ಕ" ಎಂದು ಪಕ್ಕದಲ್ಲಿ ಬರೆಯಿರಿ.

ನಿಜವಾದ ವರ್ಷ ಹಿಡಿಯಲು ಊರಿನ ನೆನಪುಗಳೇ ದಾರಿ. ಗಾಂಧಿ ಹೋದಾಗ ನಡೆಯುತ್ತಿದ್ದರಾ, ತೊಟ್ಟಿಲಲ್ಲಿದ್ದರಾ? ಅದು 1948ರ ಜನವರಿ. ಏಕೀಕರಣವಾದಾಗ, ಅಂದರೆ 1956ರಲ್ಲಿ, ಮದುವೆ ಆಗಿತ್ತಾ? ಎಪ್ಪತ್ತೆರಡರ ಬರದಲ್ಲಿ ಹಿರಿಮಗನಿಗೆ ಎಷ್ಟು ವಯಸ್ಸು? ಶರಾವತಿ ಕಣಿವೆಯವರಾದರೆ ಲಿಂಗನಮಕ್ಕಿಯ ನೀರು ಬಂದದ್ದಕ್ಕೆ ಮೊದಲು, ಆಮೇಲೆ ಎಂದೇ ಲೆಕ್ಕ ಹೇಳುತ್ತಾರೆ. ಕೆಲವರು ಸಂವತ್ಸರ ಹೇಳುತ್ತಾರೆ. ಅದು ತುಂಬಾ ಉಪಯೋಗಕ್ಕೆ ಬರುತ್ತದೆ, ಯಾಕೆಂದರೆ ಅರವತ್ತು ವರ್ಷಕ್ಕೊಮ್ಮೆ ಮಾತ್ರ ಅದೇ ಹೆಸರು ಮರಳುತ್ತದೆ. ಸರ್ವಜಿತ್ ಎಂದರೆ 1947ರ ಯುಗಾದಿಯಿಂದ 1948ರ ಯುಗಾದಿವರೆಗೆ. ಅದಕ್ಕೂ ಹಿಂದಿನದು 1887, ಮುಂದಿನದು 2007. ಗೊಂದಲಕ್ಕೆ ಜಾಗವೇ ಇಲ್ಲ.

ಹೆಂಗಸರ ಹೆಸರಿನಲ್ಲಿ ಹೆಚ್ಚು ಎಚ್ಚರ ಬೇಕು. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಮದುವೆಯ ದಿನ ಸೊಸೆಗೆ ಹೊಸ ಹೆಸರು ಇಡುತ್ತಿದ್ದರು. ತವರಿನಲ್ಲಿ ಒಂದು, ಗಂಡನ ಮನೆಯಲ್ಲಿ ಇನ್ನೊಂದು. ಎರಡನ್ನೂ ಬರೆಯದಿದ್ದರೆ ಅವಳ ತವರಿನವರು ಕಾರ್ಡು ನೋಡಿದರೂ ಗುರುತು ಹಿಡಿಯುವುದಿಲ್ಲ. ತವರೂರು, ತಂದೆತಾಯಿ ಇಬ್ಬರ ಹೆಸರು, ಕರೆಯುತ್ತಿದ್ದ ಹೆಸರು, ಇಷ್ಟು ಬೇಕೇ ಬೇಕು. ಪಹಣಿಯಲ್ಲಿ ಅಜ್ಜನ ಹೆಸರು ಸಿಗುತ್ತದೆ. ಅವರು ತೀರಿಕೊಂಡ ಮೇಲೆ ಪೌತಿ ಖಾತೆಯಲ್ಲಿ ಮಕ್ಕಳ ಹೆಸರೂ ಸಿಗುತ್ತದೆ. ಭೂಮಿಯೇ ಇಲ್ಲದ ಅಜ್ಜಿಯ ಹೆಸರು ಅಲ್ಲಿ ಹುಡುಕಿದರೂ ಇರುವುದಿಲ್ಲ.

ಬೆಳಗಾವಿ, ಬಾಗಲಕೋಟೆ, ಧಾರವಾಡದ ಕಡೆಯವರಿಗೆ ಒಂದು ಭಾಗ್ಯವಿದೆ. ಹೆಳವರು ಬರುತ್ತಾರೆ. ಮನೆತನದ ತಲೆಮಾರುಗಳನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಬಾಗಿಲಲ್ಲಿ ನಿಂತು ಹಿರಿಯರ ಹೆಸರು ಹೇಳುವ ಜನ ಅವರು. ಬಂದಾಗ ಕಾಳು ಕೊಟ್ಟು ಕಳಿಸಿಬಿಡಬೇಡಿ. ಕೂರಿಸಿ, ಪೂರ್ತಿ ಹೇಳಿಸಿ, ರೆಕಾರ್ಡ್ ಮಾಡಿಕೊಳ್ಳಿ, ಕೈತುಂಬ ಕೊಡಿ. ಈಚೆಗೆ ತೀರಿಕೊಂಡವರ ಹೆಸರನ್ನೂ ಅವರ ಪುಸ್ತಕಕ್ಕೆ ಸೇರಿಸಲು ಹೇಳಿ. ಉಳಿದ ಕಡೆಯವರಿಗೆ ಪಿತೃಪಕ್ಷ ಇದೆ. ಹಿರಿಯರ ಹಬ್ಬದಲ್ಲಿ ಎಡೆ ಇಡುವಾಗ ಯಾರ್ಯಾರ ಹೆಸರು ಹೇಳುತ್ತಾರೆ ಎಂದು ಕಿವಿಗೊಟ್ಟು ಕೇಳಿ. ಬೇರೆಲ್ಲೂ ಕೇಳದ ಹೆಸರು ಅಲ್ಲಿ ಬರುತ್ತದೆ.

ಸಮಾಧಿ

ತೋಟದ ಮೂಲೆಯಲ್ಲಿ, ಹೊಲದ ಬದುವಿನಲ್ಲಿ ಇರುವ ಗದ್ದುಗೆಗಳ ಫೋಟೊ ತೆಗೆಯಿರಿ. ಜಮೀನು ಮಾರಿದರೆ ಅವು ಉಳಿಯುತ್ತವೆ ಎಂಬ ಭರವಸೆ ಇಲ್ಲ. ಸರ್ವೆ ನಂಬರ್ ಬರೆದುಕೊಳ್ಳಿ, ಫೋನಿನಲ್ಲಿ ಜಾಗದ ಗುರುತು ಇಟ್ಟುಕೊಳ್ಳಿ. ಕಲ್ಲಿನ ಮೇಲಿನ ಅಕ್ಷರ ಕಾಣದಿದ್ದರೆ ಬೆಳಿಗ್ಗೆ ಬೇಗ ಅಥವಾ ಸಂಜೆ ಹೋಗಿ. ಓರೆ ಬಿಸಿಲಿನಲ್ಲಿ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ತಂತಿ ಬ್ರಶ್ಶಿನಿಂದ ಉಜ್ಜಬೇಡಿ, ಬಣ್ಣ ತುಂಬಬೇಡಿ.

ಕಾರ್ಡು ಬರೆಯುವುದು

ಕಾರ್ಡು ಅಚ್ಚಿಗೆ ಹೋಗುವುದು ಸಾಮಾನ್ಯವಾಗಿ ನಾಲ್ಕೈದನೇ ದಿನ. ಪ್ರೆಸ್ಸಿನವರ ಬಳಿ ಸಿದ್ಧ ಮಾದರಿ ಇರುತ್ತದೆ, ಹೆಸರು ತಾರೀಖು ಬದಲಾಯಿಸಿದರೆ ಮುಗಿಯಿತು. ಎಲ್ಲರೂ ಓಡಾಟದಲ್ಲಿರುವಾಗ ಅದೇ ಸುಲಭ. ನೀವು ಮಾಡಬೇಕಾದ್ದು ಇಷ್ಟೇ. ಆ ಮಾದರಿಯನ್ನು ಹಾಗೇ ಬಿಟ್ಟು, ಹಿಂಬದಿಯ ಖಾಲಿ ಜಾಗದಲ್ಲಿ ನಾಲ್ಕು ಸಾಲು ಸೇರಿಸಿ. ಹೊಗಳಿಕೆ ಬೇಡ. "ಸದಾ ಹಸನ್ಮುಖಿ, ಪರೋಪಕಾರಿ" ಎಂಬುದು ಯಾರ ಕಾರ್ಡಿಗೂ ಹೊಂದುತ್ತದೆ. ಇವರಿಗೆ ಮಾತ್ರ ಹೊಂದುವುದನ್ನು ಬರೆಯಿರಿ. ನಮ್ಮ ದೊಡ್ಡಮ್ಮನ ಕಾರ್ಡಿಗೆ ನಾವು ಬರೆದದ್ದು ಹೀಗಿತ್ತು:

"ಅಮ್ಮ ಹುಟ್ಟಿದ್ದು ಗುಬ್ಬಿ ಸೀಮೆಯಲ್ಲಿ. ಏಕೀಕರಣವಾದ ವರ್ಷ ಮದುವೆಯಾಗಿ ಈ ಊರಿಗೆ ಬಂದರು. ಆರು ಮಕ್ಕಳನ್ನು ಹೆತ್ತು ಇಬ್ಬರನ್ನು ಎಳವೆಯಲ್ಲಿ ಕಳೆದುಕೊಂಡರು. ಬರದ ವರ್ಷ ತಲೆಯ ಮೇಲೆ ನೀರು ಹೊತ್ತು ಉಳಿಸಿದ ಹನ್ನೆರಡು ತೆಂಗಿನ ಗಿಡಗಳು ಈಗಲೂ ಫಲ ಕೊಡುತ್ತಿವೆ."

ಅಚ್ಚಿಗೆ ಕೊಡುವ ಮೊದಲು ಮನೆಯ ಹಿರಿಯರಿಗೆ ಗಟ್ಟಿಯಾಗಿ ಓದಿ ಹೇಳಿ. ಅಕ್ಷರ ಬಾರದವರೇ ತಪ್ಪು ಹಿಡಿಯುವುದು. ದುಃಖತಪ್ತರ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರು, ಅವರನ್ನು ಕೊಟ್ಟ ಊರು ಬಿಡಬೇಡಿ. ಬರೀ "ಅಳಿಯಂದಿರು, ಮೊಮ್ಮಕ್ಕಳು" ಎಂದು ಹಾಕಿದರೆ ಐವತ್ತು ವರ್ಷದ ಮೇಲೆ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ನೂರು ಕಾರ್ಡು ಹೆಚ್ಚಿಗೆ ಅಚ್ಚು ಹಾಕಿಸುವುದಕ್ಕಿಂತ ಹತ್ತನ್ನು ಎತ್ತಿಡುವುದು ಮುಖ್ಯ. ಒಂದೊಂದನ್ನು ಬೇರೆ ಬೇರೆ ಊರಿನ ಮನೆಗೆ ಕೊಡಿ. ಒಣಗಿದ ಬೇವಿನ ಎಲೆ ಹಾಕಿದ ಡಬ್ಬಿಯಲ್ಲಿಡಲು ಹೇಳಿ. ಸ್ಕ್ಯಾನ್ ಪ್ರತಿ ಎರಡು ಕಡೆ ಇರಲಿ. ಕುಟುಂಬದ ವಾಟ್ಸಾಪ್ ಗುಂಪು ಒಂದೇ ಸಾಲದು. ಫೋನ್ ಕೆಟ್ಟರೆ ಅದೂ ಹೋಗುತ್ತದೆ. ಆಧಾರ್ ನಂಬರ್, ಮರಣ ಪ್ರಮಾಣಪತ್ರ ಮಾತ್ರ ಎಲ್ಲರಿಗೂ ಕಳಿಸುವ ಸಾಮಾನಲ್ಲ.

ಮೊದಲ ವರ್ಷದ ಕಾರ್ಯಕ್ಕೆ ಮತ್ತೆ ಎಲ್ಲರೂ ಬರುತ್ತಾರೆ. ಆಗ ಕಾರ್ಡನ್ನು ಕೈಯಲ್ಲಿ ಹಿಡಿದು ಹೋಗಿ. ದೊಡ್ಡಮ್ಮನ ವರ್ಷಾಬ್ದಿಕದ ದಿನ ಅವರ ತಂಗಿ ನನ್ನಿಂದ ಆ ನಾಲ್ಕು ಸಾಲು ಎರಡು ಸಲ ಓದಿಸಿಕೊಂಡರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹನ್ನೆರಡಲ್ಲ ಕಣಪ್ಪ, ಹದಿನಾಲ್ಕು. ಎರಡು ಒಣಗಿಹೋದವು, ಅವಕ್ಕೂ ನೀರು ಹೊತ್ತಿದ್ದಳು" ಎಂದರು. ಪುಸ್ತಕ ತೆಗೆದು ಬರೆದುಕೊಂಡೆ.